ಒಂದು ನಿಮಿಷದ ಆಟ

ಇಪ್ಪತ್ತೊಂಬತ್ತನೆಯ ಆಟದಲ್ಲೂ ಕರಿಯ ರಾಜ ಮೂಲೆ ಸೇರಿದಾಗ ಇನ್‌ಸ್ಪೆಕ್ಟರು ಚಹಾ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು. ಕರಿಯ ಕಾಯಿಗಳು ಅವರು ಬರೆದ ಪ್ರೋಗ್ರಾಮಿನವು. ಬಿಳಿಯವು ಷಡ್ಡಕನ ಪ್ರೋಗ್ರಾಮಿನವು, ಅಂದರೆ ಹೆಂಡತಿಯ ತಂಗಿಯ ಗಂಡನದು. ಕಂಪ್ಯೂಟರಿನೊಳಗೆ ಎರಡೂ ತಮ್ಮ ಪಾಡಿಗೆ ತಾವು ಚೆಸ್ ಆಡಿಕೊಂಡಿದ್ದವು, ರಕ್ತದೊತ್ತಡವೆಲ್ಲ ನೋಡುವವರಿಗೆ.

"ಯಾರ್ರೀ ಗೆದ್ದಿದ್ದು?" ಅಡುಗೆಮನೆಯಿಂದ ಹೆಂಡತಿ ಕೇಳಿದರು.

"ಇನ್ನೂ ನಡೀತಿದೆ."

ನಡೆಯುತ್ತಿರಲಿಲ್ಲ. ಹದಿನೇಳು ಸೋಲು, ಎಂಟು ಡ್ರಾ, ನಾಲ್ಕೇ ನಾಲ್ಕು ಗೆಲುವು.

ಇನ್‌ಸ್ಪೆಕ್ಟರು ತೂಕ ಮತ್ತು ಅಳತೆ ಇಲಾಖೆಯವರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ ಮುದ್ರೆ ಹಾಕುವುದು ಅವರ ಕೆಲಸ. ಹತ್ತು ಗ್ರಾಂ ಹೆಚ್ಚುಕಮ್ಮಿಯಾದರೆ ಸ್ವಂತ ಮಾವನ ಅಂಗಡಿಯನ್ನೂ ಬಿಟ್ಟವರಲ್ಲ. ರಜಾದಿನಗಳಲ್ಲಿ, ಹವ್ಯಾಸಿಗಳು ಮನೆಯಲ್ಲಿ ಕೂತು ಬರೆದ ಚೆಸ್ ಪ್ರೋಗ್ರಾಮುಗಳನ್ನು ಒಂದರ ಮೇಲೊಂದು ಆಡಿಸಿ, ಯಾವುದಕ್ಕೆ ಎಷ್ಟು ರೇಟಿಂಗ್ ಎಂದು ಪಟ್ಟಿ ಮಾಡಿ ಇಂಟರ್ನೆಟ್ಟಿನಲ್ಲಿ ಹಾಕುತ್ತಿದ್ದರು. ಹನ್ನೊಂದು ವರ್ಷದಿಂದ ಪಟ್ಟಿಯ ನಿಯಮ ಒಂದೇ: ಪ್ರತಿ ಕಡೆಗೂ ನಲವತ್ತು ನಿಮಿಷ. ಹನ್ನೊಂದು ವರ್ಷದಿಂದ ಮೊದಲನೆಯ ಸ್ಥಾನವೂ ಒಂದೇ, ಅವರದು. ಅದರಲ್ಲಿ ಮೋಸವೇನೂ ಇರಲಿಲ್ಲ. ಈ ಮಾತು ಅವರ ಪರವಾಗಿ ಹೇಳಲೇಬೇಕು.

ಷಡ್ಡಕ ಲಿಫ್ಟ್ ಮೆಕ್ಯಾನಿಕ್. ಉಗುರಿನ ಸಂದಿಯಲ್ಲಿ ಸದಾ ಗ್ರೀಸು. ಊಟ ಮಾಡಿದೆಯಾ ಎಂದು ಕೇಳಿದರೂ ಒಂದು ಗಳಿಗೆ ಯೋಚಿಸಿ ಉತ್ತರ ಕೊಡುವ ಆಸಾಮಿ. ಕಂಪ್ಯೂಟರಿನ ಅ ಆ ಇ ಈಯನ್ನೂ ಅವನಿಗೆ ಕಲಿಸಿದ್ದು ಇನ್‌ಸ್ಪೆಕ್ಟರೇ. ಹೋದ ವಾರ ಪೆನ್ ಡ್ರೈವ್ ಕೈಗಿತ್ತು, "ಬರೆದಿದ್ದೆಲ್ಲ ಹಾಗೇ ಹಾಕಿದೀನಿ ಭಾವ. ತಪ್ಪಿದ್ರೆ ಬೈದು ತಿದ್ದಿ" ಎಂದಿದ್ದ.

ಬೈಯಲು ಏನೂ ಸಿಗಲಿಲ್ಲ. ಅದೇ ಸಂಕಟ. ಅವನ ಪ್ರೋಗ್ರಾಮೂ ಅವನ ಹಾಗೆಯೇ ನಿಧಾನಿ. ಒಮ್ಮೊಮ್ಮೆ ಒಂದೇ ನಡೆಗೆ ಎರಡು ಮೂರು ನಿಮಿಷ ಸುಮ್ಮನೆ ಕೂತು, ಆಮೇಲೆ ಆನೆಯನ್ನು ಎಲ್ಲಿಗೋ ಒಂದು ಮನೆ ಸರಿಸುತ್ತಿತ್ತು. ಅದೆಂಥ ಪೆದ್ದ ನಡೆ ಎಂದು ಇನ್‌ಸ್ಪೆಕ್ಟರು ನಗುವಷ್ಟರಲ್ಲಿ, ಹತ್ತು ನಡೆ ಕಳೆದು, ಅದೇ ಆನೆ ಅವರ ಕುತ್ತಿಗೆಗೆ ಬಂದಿರುತ್ತಿತ್ತು. ಬರೀ ಮೂರು ಡಿಪ್ಲೊಮಾ ಪುಸ್ತಕ ಓದಿದವನಿಗೆ ಇದು ಹೊಳೆದದ್ದು ಹೇಗೆ? ತನಗೇಕೆ ಹೊಳೆಯಲಿಲ್ಲ? ಹೊಟ್ಟೆಕಿಚ್ಚಿಗೆ ಬೇರೆ ಹೆಸರಿಡಲು ಅವರು ಬಹಳ ಹೊತ್ತು ಹುಡುಕಿದರು.

ಸಿಕ್ಕಿತು. ಇಪ್ಪತ್ತೊಂಬತ್ತು ಆಟ ಎಂದರೆ ತೀರ ಕಡಿಮೆ. ರೇಟಿಂಗ್ ನೂರು ಅಂಕ ಆಚೀಚೆ ಆಗಬಹುದು. ನಿಖರತೆ ಬೇಕಿದ್ದರೆ ಆಟ ಹೆಚ್ಚಾಗಬೇಕು, ಆಟ ಹೆಚ್ಚಾಗಬೇಕಿದ್ದರೆ ಸಮಯ ಕಡಿಮೆಯಾಗಬೇಕು. ಪ್ರತಿ ಕಡೆಗೆ ಒಂದು ನಿಮಿಷ ಕೊಟ್ಟರೆ ಎರಡು ದಿನದಲ್ಲಿ ಸಾವಿರ ಆಟ. ಇದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಒಂದು ನಿಮಿಷದಲ್ಲಿ ಯಾವುದು ಗೆಲ್ಲುತ್ತದೆ ಎಂಬುದು ಮಾತ್ರ ಅವರಿಗೆ ಮೊದಲೇ ಗೊತ್ತಿತ್ತು.

ಎರಡು ವಾರ ಕಳೆದು ಬುಧವಾರ ಹೊಸ ಪಟ್ಟಿ ಬಂತು. ಎಲ್ಲರಿಗೂ ಹೊಸ ನಿಯಮ, ಒಂದೊಂದಕ್ಕೂ ಸಾವಿರ ಆಟ. ಇನ್‌ಸ್ಪೆಕ್ಟರದು ಮೊದಲನೆಯದು. ಷಡ್ಡಕನದು ಹದಿನಾಲ್ಕನೆಯದು. ನಿಖರತೆ ಸುಧಾರಿಸಿದ್ದಕ್ಕೆ ಇಬ್ಬರು ಓದುಗರು ಅಭಿನಂದನೆ ಬರೆದಿದ್ದರು.

ಮಧ್ಯಾಹ್ನ ಷಡ್ಡಕನ ಫೋನ್ ಬಂತು. ಹಿಂದೆ ಲಿಫ್ಟಿನ ಬಾಗಿಲು ತೆರೆದು ಮುಚ್ಚುವ ಸದ್ದು.

"ಭಾವ, ನಲವತ್ತು ನಿಮಿಷದ್ದು ಆಡಿಸಿ ನೋಡಿದ್ರಾ?"

"ನೋಡ್ದೆ. ಸ್ವಲ್ಪ ಆಟ. ಲೆಕ್ಕಕ್ಕೆ ಬರಲ್ಲ."

"ಅದ್ರಲ್ಲಿ ಹೇಗಾಡ್ತು?"

ಇನ್‌ಸ್ಪೆಕ್ಟರು ಕಿಟಕಿಯ ಕಡೆ ತಿರುಗಿದರು. "ಪರವಾಗಿಲ್ಲ."

"ಅಷ್ಟೇನಾ?" ಅವನ ಹಿಂದೆ ಲಿಫ್ಟಿನ ಬಾಗಿಲು ಇನ್ನೊಮ್ಮೆ ತೆರೆದು ಮುಚ್ಚಿತು. "ಸರಿ ಬಿಡಿ ಭಾವ. ನಿಮ್ಮ ಕೈಲಿ ಅಳತೆ ಆದ್ಮೇಲೆ ಇನ್ನೇನಿದೆ."

ಅವನು ಜಗಳವಾಡಿದ್ದರೆ ಇನ್‌ಸ್ಪೆಕ್ಟರಿಗೆ ಎಷ್ಟೋ ಹಾಯಾಗಿರುತ್ತಿತ್ತು.

ಒಂದೂವರೆ ತಿಂಗಳ ನಂತರ ಭಾನುವಾರ ಅವನು ಹೆಂಡತಿಯೊಂದಿಗೆ ಬಂದ. ಮುಖ ಅರಳಿತ್ತು. ಅಕ್ಕತಂಗಿಯರು ಒಳಗೆ ಹೋಗುತ್ತಲೇ ಪೆನ್ ಡ್ರೈವ್ ತೆಗೆದ.

"ಎಲ್ಲ ಹೊಸದಾಗಿ ಬರೆದೆ ಭಾವ. ಆ ಕೂತು ಯೋಚ್ನೆ ಮಾಡೋದನ್ನೆಲ್ಲ ಕಿತ್ತುಹಾಕ್ದೆ. ಈಗ ಟಕಟಕ ಅಂತ ಆಡುತ್ತೆ, ಥೇಟ್ ನಿಮ್ಮದರ ಹಾಗೆ. ಐದನೇ ಸ್ಥಾನಕ್ಕಾದ್ರೂ ಬರುತ್ತೆ ಅಂತ ಕಾಣತ್ತೆ."

"ಹಳೇದು?"

"ಅದೇ ಜಾಗದಲ್ಲೇ ತಿದ್ಕೊಂಡು ಹೋದೆನಲ್ಲ, ಉಳೀಲಿಲ್ಲ." ಅವನು ನಕ್ಕ. ನಗು ಪೂರ್ತಿಯಾಗಲಿಲ್ಲ. "ನಾಲ್ಕು ವರ್ಷ ಅದರ ಜೊತೆ ಕೂತಿದ್ದೆ ನೋಡಿ. ಅದೇನೋ, ಚಿಕ್ಕದಾದ್ರೂ ಚೆನ್ನಾಗಿತ್ತು ಅನ್ನಿಸುತ್ತೆ ಒಂದೊಂದ್ಸಲ. ನಿಮ್ಮ ಹತ್ರ ಅದರ ಪ್ರತಿ ಇದೆಯಾ ಭಾವ?"

ಒಳಗೆ ಅಕ್ಕತಂಗಿಯರು ಯಾವುದಕ್ಕೋ ಜೋರಾಗಿ ನಗುತ್ತಿದ್ದರು. ಇನ್‌ಸ್ಪೆಕ್ಟರು ಪೆನ್ ಡ್ರೈವ್ ತೆಗೆದುಕೊಂಡರು. ಇದೆ ಎಂದರೆ ಇವತ್ತೇ, ಈ ಸೋಫಾದ ಮೇಲೆಯೇ, ಅವನು ಎಷ್ಟು ದೊಡ್ಡವನೆಂದು ಅವನಿಗೆ ಗೊತ್ತಾಗಿಬಿಡುತ್ತದೆ.

"ಇಲ್ಲಪ್ಪ. ಪರೀಕ್ಷೆ ಮುಗಿದ್ಮೇಲೆ ಅಳಿಸಿಬಿಡ್ತೀನಿ."

"ಹೌದೌದು, ಎಷ್ಟಂತ ಇಟ್ಕೋತೀರ" ಎಂದ ಅವನು, ಭಾವನಿಗೆ ಬೇಸರವಾಯಿತೇನೋ ಎಂಬ ಕಳವಳದಲ್ಲಿ.

ಅವರು ಹೊರಟ ಮೇಲೆ ಇನ್‌ಸ್ಪೆಕ್ಟರು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡರು. ನೆಂಟರು ಬರುವ ತುಸು ಮುಂಚೆ ಹಚ್ಚಿಟ್ಟ ಆಟ ಪರದೆಯ ಮೇಲೆ ಇನ್ನೂ ನಡೆದಿತ್ತು. ಬಿಳಿ ಷಡ್ಡಕನ ಹಳೆಯದು, ಕರಿ ಅವರದು, ಎರಡಕ್ಕೂ ನಲವತ್ತು ನಿಮಿಷ. ದಿನಕ್ಕೊಂದರಂತೆ ಇದು ನಲವತ್ತಮೂರನೆಯದು. ಬಿಳಿಯ ಸರದಿ. ಗಡಿಯಾರದಲ್ಲಿ ಮೂರು ನಿಮಿಷ ಕಳೆದಿತ್ತು, ಇನ್ನೂ ಏನೂ ಅಲುಗಿರಲಿಲ್ಲ. ಅವರು ಕುರ್ಚಿಯನ್ನು ಸದ್ದಾಗದಂತೆ ಹತ್ತಿರಕ್ಕೆಳೆದು ಕೂತು, ಅದು ಏನು ಮಾಡುತ್ತದೆಂದು ಕಾಯತೊಡಗಿದರು.