ಎಂಟನೆಯ ಯೋಜನೆಯ ರಸ್ತೆ

ಯುಸಖಾದಲ್ಲಿ ಮಕ್ಕಳ ವಯಸ್ಸು ಕೇಳಿದರೆ ಯಾರೂ ವರ್ಷದ ಲೆಕ್ಕದಲ್ಲಿ ಹೇಳುವುದಿಲ್ಲ. "ಇವಳು ಐದನೇ ಪ್ಲಾನಿನವಳು, ಇವನು ಆರನೇ ಪ್ಲಾನು ಮುಗಿಯೋ ಹೊತ್ತಿಗೆ ಹುಟ್ಟಿದ್ದು" ಎನ್ನುತ್ತಾರೆ. ರಾಜಧಾನಿ ಥಿಂಪುವಿನಲ್ಲಿ ಐದೈದು ವರ್ಷಕ್ಕೊಮ್ಮೆ ಹೊಸ ಯೋಜನೆ ಹುಟ್ಟುತ್ತದೆ. ಅದು ಬೆಟ್ಟ ಹತ್ತಿ ಯುಸಖಾಕ್ಕೆ ಬರುವ ಹೊತ್ತಿಗೆ ಅದರ ಅರ್ಧ ಆಯುಷ್ಯ ಮುಗಿದಿರುತ್ತದೆ. ಆದರೂ ಬರಿಗೈಯಲ್ಲಿ ಬಂದದ್ದಿಲ್ಲ. ಐದನೆಯದು ಶಾಲೆ ತಂದಿತ್ತು, ಆರನೆಯದು ನಲ್ಲಿ, ಏಳನೆಯದು ಹಸುಗಳಿಗೆ ಸೂಜಿ ಚುಚ್ಚುವ ಒಬ್ಬ ಮನುಷ್ಯನನ್ನು. ರಸ್ತೆ ಮಾತ್ರ ಬರಲಿಲ್ಲ.

ರಸ್ತೆ ತರುತ್ತೇನೆಂದು ಹೇಳಿಯೇ ನಾದೊ ಹೋಬಳಿಯ ಯಜಮಾನನಾದದ್ದು. ಅಂಥ ಯಜಮಾನನಿಗೆ ಅಲ್ಲಿ ಗುಪ್ ಎನ್ನುತ್ತಾರೆ. ಗುಪ್ ನಾದೊ ವರ್ಷಕ್ಕೆರಡು ಸಲ ನಡೆದು ಜಿಲ್ಲೆಯ ಕಚೇರಿಗೆ ಹೋಗುತ್ತಿದ್ದ, "ಪರಿಶೀಲನೆಯಲ್ಲಿದೆ" ಎಂಬ ಮಾತನ್ನು ಜೋಪಾನವಾಗಿ ಹೊತ್ತು ತರುತ್ತಿದ್ದ. ಹೀಗೆ ಹೋಗಿ ಬಂದು ಅವನಿಗೆ ಅಧಿಕಾರಿಗಳ ಮಾತೇ ಅಭ್ಯಾಸವಾಗಿತ್ತು. ಆದ್ಯತೆ, ಹಂತ, ಗುರಿ ಎಂಬ ಶಬ್ದಗಳಿಲ್ಲದೆ ಅವನು ಹೆಂಡತಿಯ ಹತ್ತಿರ ಉಪ್ಪನ್ನೂ ಕೇಳುತ್ತಿರಲಿಲ್ಲ. ಹೆಂಡತಿ ಜೇಕೊ ಸುಮ್ಮನಿರುವವಳಲ್ಲ. ಮನೆಯ ಮಾಡು ಸೋರತೊಡಗಿದಾಗ ಪಾತ್ರೆಯನ್ನು ಸರಿಯಾಗಿ ಅವನ ಹಾಸಿಗೆಯ ಪಕ್ಕಕ್ಕಿಟ್ಟು, "ಗುಪ್ ಸಾಹೇಬ್ರೇ, ಈ ಮಾಡು ಈ ಪ್ಲಾನಿನಲ್ಲಿದೆಯೋ, ಮುಂದಿನದಕ್ಕೆ ಹೋಯ್ತೋ?" ಎಂದು ಕೇಳಿದ್ದಳು.

ರಸ್ತೆ ಬಾರದಿರಲು ಥಿಂಪು ಒಂದೇ ಕಾರಣವಾಗಿರಲಿಲ್ಲ. ನದಿಯಾಚೆ ಮೆಂದಗಾಂಗ್ ಎಂಬ ಹೋಬಳಿ. ಅಲ್ಲಿಯ ಗುಪ್ ಥಿನ್ಲೆಯೂ ರಸ್ತೆಯನ್ನೇ ಕೇಳುತ್ತಿದ್ದ. ನಾದೊ ಜಿಲ್ಲೆಗೆ ಹೋಗಿ ಆಚೆ ದಡದ ಮಣ್ಣು ಕುಸಿಯುತ್ತದೆ ಎನ್ನುವನು. ಥಿನ್ಲೆ ಹೋಗಿ ಈಚೆ ದಡದಲ್ಲಿ ದೆವ್ವಗಳಿವೆ, ಕೂಲಿಯಾಳು ನಿಲ್ಲುವುದಿಲ್ಲ ಎನ್ನುವನು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ ಇವರಿಬ್ಬರ ನಡುವೆ ರಸ್ತೆ ಎರಡು ಯೋಜನೆ ಬಡವಾಯಿತು. ಅಷ್ಟರಲ್ಲಿ ಎರಡೂ ದಡಗಳ ಆಲೂಗಡ್ಡೆಯ ಬೆಲೆ ಹೇಸರಗತ್ತೆಯ ಬಾಡಿಗೆಗೇ ಸಮನಾಗಿ, ಬೆಳೆ ಎಷ್ಟೋ ವರ್ಷ ಅಟ್ಟದಲ್ಲೇ ಮೊಳಕೆಯೊಡೆಯಿತು.

ಎಂಟನೆಯ ಯೋಜನೆ ಶುರುವಾಗುವ ಹೊತ್ತಿಗೆ, ಶರತ್ಕಾಲದ ಒಂದು ಬೆಳಿಗ್ಗೆ, ಜಿಲ್ಲೆಯ ಯೋಜನಾಧಿಕಾರಿ ಲೋದೆ ಏದುಸಿರು ಬಿಡುತ್ತ ನಾದೊನ ಮನೆಗೆ ಬಂದ. ವಿದೇಶದಲ್ಲಿ ಓದಿ ಬಂದವನು, ದಪ್ಪ ಕನ್ನಡಕದವನು, ಒಳ್ಳೆಯವನು. ಜೇಕೊ ಕೊಟ್ಟ ಬೆಣ್ಣೆ ಚಹಾ ಕುಡಿದು ಒಲೆಯ ಪಕ್ಕ ಕೂತು ವಿಷಯ ತೆಗೆದ.

"ಅಪಾ, ಒಂದು ರಸ್ತೆಗೆ, ಒಂದು ತೂಗುಸೇತುವೆಗೆ ಮಾತ್ರ ಅನುದಾನ ಸಿಕ್ಕಿದೆ. ಯಾವ ದಡಕ್ಕೆ ರಸ್ತೆ ಅಂತ ನೀವಿಬ್ರೂ ಗುಪ್‌ಗಳು ಸೇರಿ ಹೇಳ್ಬೇಕು. ಒಪ್ಪಂದ ಆಗದಿದ್ರೆ ಅದೂ ಒಂಬತ್ತನೇದಕ್ಕೆ."

"ಇಂಜಿನಿಯರು ಎರಡೂ ಕಡೆ ನಡೆದು ನೋಡಿದ್ನಲ್ಲ, ಏನಂದ?"

ಲೋದೆ ಚಹಾದ ಬಟ್ಟಲನ್ನೇ ನೋಡಿದ. "ಬನ್ನಿ, ತೋರಿಸ್ತೀನಿ."

ಇಬ್ಬರೂ ಊರ ಕೆಳಗಿನ ಕರಿಬಂಡೆಯ ತನಕ ನಡೆದರು. ನಾದೊ ಚಿಕ್ಕಂದಿನಲ್ಲಿ ಆಡು ಮೇಯಿಸಿದ ಜಾಗ. ಬಂಡೆ ನೇರ ನದಿಗಿಳಿದಿತ್ತು. "ಇದನ್ನ ಸಿಡಿಸೋದ್ರೊಳಗೆ ಹಣ ಮುಗಿಯುತ್ತೆ. ರಸ್ತೆ ಇಲ್ಲೇ ಹದ್ದಿನ ಗೂಡಿನ ಹತ್ರ ನಿಲ್ಲುತ್ತೆ, ಅಪಾ. ಆ ಕಡೆ ಆದ್ರೆ ನಿಮ್ಮ ಊರಿನ ಎದುರಿಗೇ ಬರುತ್ತೆ. ಸೇತುವೆ ದಾಟಿದ್ರೆ ಲಾರಿ."

ಸುಳ್ಳೆನ್ನಲು ನಾದೊಗೆ ಬಾಯಿ ಬರಲಿಲ್ಲ. ಇಷ್ಟು ವರ್ಷ ಇದೇ ಬಂಡೆಯ ಮೇಲೆ ನಿಂತೇ ಅವನು ಆಚೆ ದಡವನ್ನು ಬೈದಿದ್ದ; ಕಾಲ ಕೆಳಗೆ ನೋಡಿರಲಿಲ್ಲ.

ಆಮೇಲೆ ಅವನು ಎಲೆ ಅಡಿಕೆ ಜಗಿಯುತ್ತ ಮನೆಯಲ್ಲೇ ಕೂತ. ಜೇಕೊ ಎರಡನೆಯ ದಿನ ಕೇಳಿಯೇಬಿಟ್ಟಳು. ಅವನು ಬಂಡೆಯ ವಿಷಯ ಹೇಳಿದ.

"ಹಂಗಾದ್ರೆ ಥಿನ್ಲೆಗೆ ಹೋಗಿ ಹೇಳು, ನೀನೇ ರಸ್ತೆ ತಗೋ ಅಂತ."

"ಹೇಳ್ದೆ ಅಂತಿಟ್ಕೋ. ಅವನು ಸಾಯೋವರೆಗೂ ಅದನ್ನೇ ಹಾಡ್ತಾನೆ. ಸತ್ತ ಮೇಲೂ ಹಾಡೋಕೆ ಮಕ್ಕಳಿಗೆ ಕಲಿಸಿ ಹೋಗ್ತಾನೆ."

"ನಿನಗೆ ಆಲೂಗಡ್ಡೆ ಮಾರ್ಬೇಕೋ, ಮೂಗು ಉಳಿಸ್ಕೋಬೇಕೋ?"

"ಎರಡೂ," ಎಂದ ನಾದೊ. ಅವನು ಯೋಚಿಸುತ್ತಿದ್ದುದೂ ಅದನ್ನೇ.

ಎರಡು ಊರುಗಳ ನಡುವೆ ಸುಗ್ಗಿಯ ನಂತರ ಬಿಲ್ಲುಗಾರಿಕೆಯ ಪಂದ್ಯ ನಡೆಯುವುದು ವಾಡಿಕೆ. ನಾದೊ ಹೇಳಿಕಳಿಸಿದ: ಈ ಸಲ ಪಂದ್ಯಕ್ಕೆ ರಸ್ತೆಯೇ ಪಣ. ಗೆದ್ದವರಿಗೆ ರಸ್ತೆ, ಸೋತವರಿಗೆ ಸೇತುವೆ. ಸೋತು ರಸ್ತೆ ಬಿಟ್ಟುಕೊಟ್ಟರೆ ಅದು ದೈವ ಎಂಬುದು ಅವನ ಒಳಲೆಕ್ಕ; ಯಾರೂ ಯಾರಿಗೂ ಸಣ್ಣವರಾಗುವುದಿಲ್ಲ. ಥಿನ್ಲೆ ಮರುದಿನವೇ ಒಪ್ಪಿಗೆ ಕಳಿಸಿದ. ಲೋದೆಗೆ ಮಾತ್ರ ಬೆವರು ಬಂತು.

"ಅಪಾ, ರಾಷ್ಟ್ರದ ಯೋಜನೇನ ಬಿಲ್ಲು ಬಾಣದಲ್ಲಿ ತೀರ್ಮಾನ ಮಾಡೋಕಾಗುತ್ತಾ?"

"ಯಾಕಾಗಲ್ಲ, ಸಾಹೇಬ್ರೇ? ನಿಮ್ಮ ಸಭೇಲೂ ಬೆಳಗಿಂದ ಸಂಜೆ ತನಕ ಗುರಿ, ಗುರಿ ಅಂತಾನೇ ಅಲ್ವಾ? ನಮ್ಮಲ್ಲಿ ಅದು ಕಣ್ಣಿಗಾದ್ರೂ ಕಾಣುತ್ತೆ."

ಪಂದ್ಯ ನಡೆದದ್ದು ನದಿಯ ಪಕ್ಕದ ಬಯಲಿನಲ್ಲಿ. ಎರಡೂ ಕಡೆ ಬಣ್ಣದ ಹಲಗೆ ನೆಟ್ಟಿದ್ದರು. ಇಲ್ಲಿ ನಿಂತರೆ ಅಲ್ಲಿಯ ಹಲಗೆ ಎಲೆಯಷ್ಟು ಕಾಣುತ್ತಿತ್ತು. ಹೆಂಗಸರು ಪಾದದವರೆಗೆ ಇಳಿಯುವ ಹೊಸ ಕೀರ ಉಟ್ಟು ಸಾಲಾಗಿ ನಿಂತಿದ್ದರು; ಎದುರಾಳಿಯನ್ನು ಹಾಡಿನಲ್ಲೇ ಹೀಯಾಳಿಸಿ ಕೈ ನಡುಗಿಸುವುದು ಅವರ ಹಕ್ಕು.

ಥಿನ್ಲೆಯ ಮೊದಲ ಬಾಣ ಹುರುಳಿಗೋಧಿಯ ಹೊಲಕ್ಕೆ ಹೋಯಿತು. "ಥಿನ್ಲೆಯ ಬಾಣಕ್ಕೆ ಯೋಜನೆ ಉಂಟು, ಗುರಿಯೊಂದಿಲ್ಲ" ಎಂದು ಯುಸಖಾದ ಹೆಂಗಸರು ಹಾಡು ಕಟ್ಟಿದರು. ಲೋದೆಯೂ ನಕ್ಕ, ನಕ್ಕ ಮೇಲೆ ಅದು ತನ್ನ ಇಲಾಖೆಗೂ ತಾಗುತ್ತದೆಂದು ಹೊಳೆದು ಕನ್ನಡಕ ಒರೆಸಿಕೊಂಡ.

ನಾದೊ ಬಂದು ನಿಂತ. ಹಲಗೆಯ ಎಡಕ್ಕೆ ಒಂದು ಆಳಿನಷ್ಟು ದೂರ ನೋಡಿ, ಅಲ್ಲಿಗೇ ಬಿಟ್ಟ. ನದಿಯ ಮೇಲಿಂದ ಗಾಳಿ ಬೀಸಿತು. ಬಾಣ ಗಾಳಿಯ ಮಾತು ಕೇಳಿ ಹಲಗೆಗೆ ಹೋಗಿ ನಾಟಿತು. ಯುಸಖಾದವರು ಸಾಲುಗಟ್ಟಿ ಕುಣಿದರು, ಅವನ ಸೊಂಟಕ್ಕೆ ರುಮಾಲು ಸಿಕ್ಕಿಸಿದರು.

"ಕಣ್ಣು ಮುಚ್ಕೊಂಡು ಹೊಡೆದ್ಯೇನೋ?" ಎಂದು ಥಿನ್ಲೆ ಕೂಗಿದ.

ಮುಂದಿನ ಬಾಣವನ್ನು ನಾದೊ ನಿಜಕ್ಕೂ ಕಣ್ಣು ಮುಚ್ಚಿಕೊಂಡೇ ಬಿಟ್ಟ. ಅದು ಹಲಗೆಯ ನಟ್ಟನಡುವೆ ನಾಟಿತು. ಇಷ್ಟು ವರ್ಷಗಳ ಆಟದಲ್ಲಿ ಅವನು ನಡುವಿಗೆ ಹೊಡೆದದ್ದು ಬೆರಳೆಣಿಕೆಯಷ್ಟು. ಇಂದು ತಪ್ಪಿಸಬೇಕೆಂದರೆ ಕೈ ತಪ್ಪಲೊಲ್ಲದು. ಅವನ ಬೆನ್ನು ತೊಯ್ದುಹೋಯಿತು. ಗುಟ್ಟು ಗೊತ್ತಿದ್ದ ಜೇಕೊ ಹೆಂಗಸರ ಸಾಲಿನಲ್ಲಿ ಬಾಯಿಗೆ ತೋಳು ಅಡ್ಡ ಹಿಡಿದು ಹಾಡನ್ನೇ ನಿಲ್ಲಿಸಿದ್ದಳು. ಅವಳ ಭುಜ ಮಾತ್ರ ಕುಲುಕುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಯುಸಖಾ ಇನ್ನೊಂದು ಹೊಡೆತಕ್ಕೆ ಗೆಲ್ಲುವಂತಾಯಿತು. ಸರದಿ ನಾದೊನದೇ. ಅವನು ಬಿಲ್ಲೆತ್ತಿದ, ಇಳಿಸಿದ, ಮತ್ತೆ ಎತ್ತಿದ. ಕೊನೆಗೆ ಅದನ್ನು ಹುಲ್ಲಿನ ಮೇಲಿಟ್ಟು ಎಲ್ಲರನ್ನೂ ಹತ್ತಿರ ಕರೆದ.

"ಕರಿಬಂಡೆ ಒಡೆಯೋದ್ರಲ್ಲೇ ನಮ್ಮ ರಸ್ತೆ ಮುಗಿದುಹೋಗುತ್ತೆ. ಹದ್ದಿಗೆ ರಸ್ತೆ ಬೇಡ. ಥಿನ್ಲೆಯ ದಡಕ್ಕೇ ಹೋಗಲಿ, ನಮಗೆ ಸೇತುವೆ ಸಾಕು. ಸೋತು ಕೊಡೋಣ ಅಂತ ಬಂದೆ. ಬೆಳಗಿಂದ ತಪ್ಪಿಸೋಕೆ ನೋಡ್ತಿದೀನಿ, ಆಗ್ತಿಲ್ಲ."

ಯುಸಖಾದ ಹಿರಿಯ ಅಪ್ ಪಾಸಂಗ್ ಕೋಲೂರಿಕೊಂಡು ಮುಂದೆ ಬಂದ. "ಅಂದ್ರೆ ಗೆಲ್ಲೋ ಆಟದಲ್ಲಿ ನಾವು ಸೋತ್ವು ಅಂತೀಯಾ?"

"ಹೌದಪ್ಪ."

"ಎರಡು ಪ್ಲಾನು ನಿನ್ನ ಹಿಂದೆ ಕೈಯೆತ್ತಿದ್ವಿ, ಇದಕ್ಕಾ?" ಎಂದು ಮುದುಕ ತಿರುಗಿ ನಡೆದ. ಬಂಡೆಯ ಮಾತನ್ನು ಕೆಲವರು ನಂಬಿದರು. ಬೇಕೆಂದೇ ತಪ್ಪಿಸಲು ನೋಡಿದೆ ಎಂಬುದನ್ನು ಮಾತ್ರ ಎರಡು ದಡಗಳಲ್ಲಿ ಒಬ್ಬನೂ ನಂಬಲಿಲ್ಲ.

ಥಿನ್ಲೆ ಖುಷಿಯಿಂದ ಕುಣಿಯುತ್ತಾನೆಂದು ನಾದೊ ತಿಳಿದಿದ್ದ. ಆದರೆ ಥಿನ್ಲೆಯ ಮುಖ ಕಪ್ಪಿಟ್ಟಿತ್ತು. "ನಿನ್ನ ಭಿಕ್ಷೆ ಬೇಡ ನನಗೆ. ಬಿಲ್ಲು ತಗೋ. ಗೆಲ್ಲೋ ಹಂಗೇ ಹೊಡಿ."

ನಾದೊ ಬಿಲ್ಲು ತೆಗೆದುಕೊಂಡ. ಅಂದು ಮೊದಲ ಸಲ ಹಲಗೆಯನ್ನೇ ನೋಡಿ, ಉಸಿರು ಬಿಗಿಹಿಡಿದು ಹೊಡೆದ. ಬಾಣ ನದಿಗೆ ಬಿತ್ತು. ಆಮೇಲೆ ಕತ್ತಲಾಗುತ್ತ ಬಂದದ್ದರಿಂದಲೂ ಎರಡೂ ಕಡೆಯವರು ಅಕ್ಕಿಯ ಹೆಂಡಕ್ಕೆ ಕೂತದ್ದರಿಂದಲೂ ಪಂದ್ಯ ಮುಂದುವರಿಯಲಿಲ್ಲ. ಯಾರು ಗೆದ್ದರೆಂದು ಇವತ್ತಿಗೂ ಒಂದೊಂದು ದಡದಲ್ಲಿ ಒಂದೊಂದು ಹೇಳುತ್ತಾರೆ. ರಸ್ತೆ ಮೆಂದಗಾಂಗಿಗೆ ಎಂದು ಇಬ್ಬರು ಗುಪ್‌ಗಳೂ ಲೋದೆಯ ಮುಂದೆ ಒಪ್ಪಿದರು, ಒಬ್ಬರ ಮುಖ ಒಬ್ಬರು ನೋಡದೆ.

ಆ ಚಳಿಗಾಲ ನಾದೊಗೆ ಉದ್ದವಾಯಿತು. ಜಗಳವಾಡಿದ್ದರೆ ಚೆನ್ನಾಗಿತ್ತು, ಜನ ಅವನೊಡನೆ ಬಹಳ ಮರ್ಯಾದೆಯಿಂದ ನಡೆದುಕೊಂಡರು. ಯೋಜನೆಯ ನಡುವಿಗೆ ಬರುವಷ್ಟರಲ್ಲಿ ಆಚೆ ದಡಕ್ಕೆ ರಸ್ತೆ ಬಂದೇಬಿಟ್ಟಿತು. ಸೇತುವೆ ಬರಲಿಲ್ಲ. ಅದರ ಉಕ್ಕಿನ ಹಗ್ಗ ಎಲ್ಲೋ ಗಡಿಯಲ್ಲಿ ಸಿಕ್ಕಿಕೊಂಡಿದೆಯೆಂದರು. ಒಂದು ಇಡೀ ಸುಗ್ಗಿ ಯುಸಖಾದವರು ಆಲೂಗಡ್ಡೆಯ ಮೂಟೆಗಳ ಮೇಲೆ ಕೂತು ಆಚೆ ದಡದ ಲಾರಿಗಳನ್ನು ನೋಡಿದರು.

"ಗುಪ್, ಲಾರಿ ಇಲ್ಲಿಂದ ಚೆನ್ನಾಗಿ ಕಾಣುತ್ತೆ," ಎಂದ ಅಪ್ ಪಾಸಂಗ್. "ನಿನ್ನ ಪ್ಲಾನಿನಲ್ಲಿ ನೋಡೋದಷ್ಟೇ ಇತ್ತೋ, ಹತ್ತೋದೂ ಇತ್ತೋ?"

ನಾದೊ ಅಂದು ಮನೆಗೆ ಬಂದು ಗುಪ್‌ಗಿರಿ ಬಿಡುತ್ತೇನೆಂದ. ಜೇಕೊ ಈ ಸಲ ಚುಡಾಯಿಸಲಿಲ್ಲ. "ಬಿಡೋದಾದ್ರೆ ಸೇತುವೆ ಆದ ಮೇಲೆ ಬಿಡು. ಈಗ ಬಿಟ್ರೆ ಓಡಿಹೋದ ಹಂಗಾಗುತ್ತೆ," ಎಂದಳಷ್ಟೆ.

ವಸಂತದಲ್ಲಿ ಹಗ್ಗ ಬಂತು, ಆದರೆ ರಸ್ತೆಯ ತುದಿಗೆ. ಅಲ್ಲಿಂದ ಸೇತುವೆಯ ಜಾಗಕ್ಕೆ ಇಳಿಜಾರಿನ ಕಾಲುದಾರಿ. ಹಗ್ಗ ಕತ್ತರಿಸುವ ಹಾಗಿಲ್ಲ. ಹೊತ್ತರೆ ಇಡಿಯಾಗಿಯೇ ಹೊರಬೇಕು. ಯುಸಖಾದ ಗಂಡಸರು, ಹೆಂಗಸರು ಎಲ್ಲ ಸೇರಿದರೂ ಅದರ ಅರ್ಧಕ್ಕೆ ಸಾಲರು. ಹೊರೆ ಹೊತ್ತು ದಾಟಲಾಗದ, ಕೆಳಗಿನ ಹಳೆಯ ಮರದ ಸಂಕ ದಾಟಿ, ಸುತ್ತು ಹಾಕಿ ಅವರು ಅಲ್ಲಿಗೆ ಹೋದಾಗ ಹಗ್ಗದ ಪಕ್ಕದಲ್ಲಿ ಮೆಂದಗಾಂಗಿನವರು ಆಗಲೇ ನಿಂತಿದ್ದರು. ಯಾರೂ ಅವರನ್ನು ಕರೆದಿರಲಿಲ್ಲ. ಮುಂದಿನ ತುದಿಯಲ್ಲಿ ಥಿನ್ಲೆ, ಹೆಗಲಿಗೆ ಹರಕು ಕಂಬಳಿ ಮಡಿಸಿಟ್ಟುಕೊಂಡು.

"ನೀನ್ಯಾಕೆ ಬಂದೆ?" ಎಂದ ನಾದೊ.

"ನಿಮ್ಮೂರಿನ ಮೆಣಸಿನಕಾಯಿ ಇಲ್ದೆ ನನ್ನ ಹೆಂಡತಿ ಅಡುಗೆ ಬಾಯಿಗೆ ಹಾಕೋಕಾಗ್ತಿಲ್ಲ. ಮಾತು ಸಾಕು, ಹೆಗಲು ಕೊಡು. ಅಲ್ಲ, ಆ ಹೆಗಲಲ್ಲ. ಎಲ್ಲರೂ ಒಂದೇ ಹೆಗಲಿಗೆ."

ಒಂದೇ ಹೆಗಲಿಗೆ ಎಂಬುದನ್ನು ಅರ್ಥ ಮಾಡಿಕೊಳ್ಳಲು ಎರಡು ಊರುಗಳಿಗೆ ಅರ್ಧ ಬೆಳಗು ಹಿಡಿಯಿತು. ಆಮೇಲೆ ಆ ಉಕ್ಕಿನ ಹಾವು ಎದ್ದು, ನೂರಾರು ಕಾಲುಗಳ ಮೇಲೆ ತಿರುವುಗಳಲ್ಲಿ ಹೊರಳುತ್ತ ಇಳಿಯತೊಡಗಿತು. ಮುಂದಿನವರು ನಿಂತರೆ ಹಿಂದಿನವರು ಬೈದರು, ಹಿಂದಿನವರು ನಿಂತರೆ ಮುಂದಿನವರು ಬೈದರು. ಲೋದೆ ತನ್ನ ನಿಲುವಂಗಿಯ ಅಂಚನ್ನು ಮಂಡಿಯ ಮೇಲಕ್ಕೆತ್ತಿ ಕಟ್ಟಿ ನಡುವೆ ಸೇರಿಕೊಂಡಿದ್ದ. ಅವನ ಎತ್ತರ ಎಲ್ಲರಿಗಿಂತ ಕಡಿಮೆಯಾದ್ದರಿಂದ ಹಗ್ಗ ಅವನ ಹೆಗಲಿಗೆ ತಾಗುತ್ತಲೇ ಇರಲಿಲ್ಲ. ಆದರೂ ಅವನು ತುಂಬ ಬೆವರಿದ. ನಾದೊ ಥಿನ್ಲೆಯ ಹಿಂದೆಯೇ ಇದ್ದ. ಇಡೀ ದಾರಿ ಅವನಿಗೆ ಕಂಡದ್ದು ಥಿನ್ಲೆಯ ಕುತ್ತಿಗೆ ಮಾತ್ರ. ಅದು ಇಷ್ಟು ಮುದಿಯಾಗಿದೆಯೆಂದು ಅವನಿಗೆ ತಿಳಿದಿರಲಿಲ್ಲ.

ಆ ಶರತ್ಕಾಲಕ್ಕೆ ಸೇತುವೆ ಸಿದ್ಧವಾಯಿತು. ಪೂಜೆ ಮುಗಿದು, ಕಂಬಗಳಿಗೆ ಪ್ರಾರ್ಥನೆಯ ಬಾವುಟ ಕಟ್ಟಿದ ಮೇಲೆ ಭಾಷಣವಿತ್ತು. ಎರಡು ಹೋಬಳಿಗಳು ಮುಂದಾಲೋಚನೆಯಿಂದ ಕೈಜೋಡಿಸಿದ್ದಕ್ಕೆ ಇದು ಮಾದರಿಯೆಂದು ಜಿಲ್ಲೆಯ ದೊಡ್ಡ ಅಧಿಕಾರಿ ಹೊಗಳಿದರು. ಇಬ್ಬರು ಗುಪ್‌ಗಳೂ ಮುಂದಾಲೋಚನೆ ಮಾಡಿದವರಂತೆ ತಲೆಯಾಡಿಸಿದರು.

ಭಾಷಣ ಮುಗಿಯುವವರೆಗೆ ಕಾಯುವ ತಾಳ್ಮೆ ಜೇಕೊಗಿರಲಿಲ್ಲ. ಅವಳು ಬುಟ್ಟಿ ತುಂಬ ಒಣಮೆಣಸಿನಕಾಯಿ ಹೊತ್ತು, ತೂಗುವ ಹಲಗೆಗಳ ಮೇಲೆ ಒಂದು ಕೈಯಲ್ಲಿ ಹಗ್ಗ ಹಿಡಿದು ದಾಟಿಬಿಟ್ಟಿದ್ದಳು. ನಾದೊ ಹಿಂದೆಯೇ ಹೋದಾಗ ಅವಳು ಲಾರಿಯ ಪಕ್ಕದಲ್ಲಿ ಗಡಿಪಟ್ಟಣ ಫುಂಟ್ಶೋಲಿಂಗಿನ ವ್ಯಾಪಾರಿಯ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಹೋದ ವರ್ಷ ಹೇಸರಗತ್ತೆಯವನಿಗೆ ಇದರ ಅರ್ಧಕ್ಕೆ ಕೊಡ್ತಿದ್ರಲ್ಲಮ್ಮ," ಎನ್ನುತ್ತಿದ್ದ ವ್ಯಾಪಾರಿ.

"ಹೇಸರಗತ್ತೆಗೆ ಕೊಟ್ಟ ಬೆಲೆ ಅದು. ನೀನು ಮನುಷ್ಯ."

ವ್ಯಾಪಾರಿ ಸಹಾಯಕ್ಕಾಗಿ ನಾದೊನ ಕಡೆ ನೋಡಿದ. ನಾದೊ ಏನೋ ಹೇಳಲು ಬಾಯಿ ತೆರೆದ. ಆದ್ಯತೆ ಎಂದೋ ಹಂತ ಎಂದೋ ಇರಬೇಕು. ಜೇಕೊ ತಿರುಗಿಯೂ ನೋಡದೆ ಕೈಯೆತ್ತಿ ತಡೆದಳು. ಅವನು ಬಾಯಿ ಮುಚ್ಚಿಕೊಂಡು, ಲಾರಿಯ ನೆರಳಿನಲ್ಲಿ ಕೂತಿದ್ದ ಥಿನ್ಲೆಯ ಪಕ್ಕಕ್ಕೆ ಹೋಗಿ ಕೂತ. ಬೆಲೆ ಕುದುರುವವರೆಗೆ ಇಬ್ಬರೂ ಚಕ್ರದ ಗಾತ್ರದ ಬಗ್ಗೆ ಮಾತಾಡಿದರು.