ಪರದೆಯ ಮುಂದೆ ಸಾಕ್ಷಿ

ನಾನು ಒಂದು ಸಿನಿಮಾ ಪರದೆ. ಗಿರಣಿಯಲ್ಲಿ ಕೋರಾ ಬಟ್ಟೆಯಾಗಿ ಹುಟ್ಟಿದೆ. ಗಂಗಾವತಿಯ ಒಬ್ಬ ಸಿಂಪಿಗ ನನ್ನ ಪಟ್ಟಿಗಳನ್ನು ಒಂದಕ್ಕೊಂದು ಹೊಲಿದು, ಅಂಚಿಗೆ ಹಗ್ಗ ತೂರಿಸಿ, ಟೆಂಟ್ ಸಿನಿಮಾದ ಕರಿಬಸಪ್ಪನಿಗೆ ಕೊಟ್ಟ. ಅಂದಿನಿಂದ ಎತ್ತಿನ ಗಾಡಿಯಲ್ಲಿ ಊರೂರು ತಿರುಗಿದೆ. ಜನ ನನ್ನನ್ನು ನೋಡಲು ಬರುತ್ತಾರೆಂದು ಮೊದಮೊದಲು ಬೀಗುತ್ತಿದ್ದೆ. ಆಮೇಲೆ ತಿಳಿಯಿತು, ಅವರು ನೋಡುವುದು ನನ್ನ ಮೇಲೆ ಬೀಳುವ ಬೆಳಕನ್ನು. ಅವರ ಮುಖಗಳನ್ನು ನೋಡುವುದು ಮಾತ್ರ ನಾನು.

ಪರದೇಶದ ಚಿತ್ರ ಬಂದರೆ ಕರಿಬಸಪ್ಪ ನನ್ನ ಪಕ್ಕದಲ್ಲಿ ಮೈಕು ಹಿಡಿದು ನಿಂತು ಕಥೆ ಬಿಡಿಸಿ ಹೇಳುತ್ತಿದ್ದ. ಅವನು ಜ್ವರ ಬಂದು ತೀರಿಕೊಂಡ. ದಿನಕರ್ಮ ಮುಗಿಯುತ್ತಲೇ ಅವನ ತಮ್ಮ ಶೇಖಪ್ಪ ಬಂದು ಅತ್ತಿಗೆ ಪಾರವ್ವನ ಎದುರು ಕುಳಿತ.

"ವೈನಿ, ಹೆಣ್ಮಗಳ ಕೈಲೆ ಟೆಂಟ್ ನಡಿತದೇನು? ಸಿನಿಮಾ ಮಷೀನು ನನಗ ಬಿಡ್ರಿ."

ಪಾರವ್ವ ನನ್ನನ್ನು ನೀಲಿಯಲ್ಲಿ ಅದ್ದಿ ಹಿಂಡುತ್ತಿದ್ದಳು. ಹಿಂಡುವುದನ್ನು ನಿಲ್ಲಿಸಲಿಲ್ಲ. "ನಾಳಿನ ಚಿತ್ರ ನಾನ ಹೇಳ್ತೀನಿ. ಮುಗಿಯೂದ್ರಾಗ ಮಂದಿ ಎದ್ದು ಹೋದ್ರ ಮಷೀನು ನಿಂದು."

ಮರುದಿನ ಕಾಲುವೆಯ ದಂಡೆಯ ಮೇಲೆ ಟೆಂಟ್ ಎದ್ದಿತು. ಪಾರವ್ವ ನನ್ನ ಮುಂದೆ ಕಾಯಿ ಒಡೆದು ಮೈಕು ಹಿಡಿದಳು. ಚಿತ್ರದಲ್ಲಿ ಆಕಾಶದಿಂದ ಒಬ್ಬ ಇಳಿದು ಬರುತ್ತಾನೆ. ಮನುಷ್ಯರು ಭೂಮಿಯ ಮೇಲೆ ಉಳಿಯಲು ತಕ್ಕವರೋ ಅಲ್ಲವೋ ಎಂದು ತೀರ್ಪು ಹೇಳುವವನು.

"ನೋಡ್ರವ್ವಾ, ಇಳದಾ! ಕೈಯಾಗ ಚೀಲಿಲ್ಲ, ಬುತ್ತಿಲ್ಲ. ಬೀಗತನಕ್ಕ ಬಂದಾಂವಲ್ಲ, ನ್ಯಾಯ ಮಾಡಾಕ ಬಂದಾನ."

ಜನ ನಕ್ಕರು. ಅವಳ ದನಿ ಗಟ್ಟಿಯಾಯಿತು.

ನಮ್ಮಲ್ಲಿ ಮಷೀನು ಒಂದೇ. ಒಂದು ರೀಲು ಮುಗಿದರೆ ದೀಪ ಹಾಕಿ ಇನ್ನೊಂದನ್ನು ಏರಿಸಬೇಕು. ಆಕಾಶದಿಂದ ಬಂದವನು ಕೈಯೆತ್ತಿ ಜನರ ಕಡೆ ತಿರುಗಿ ಏನೋ ಅಂದ. ಅಲ್ಲಿಗೆ ರೀಲು ಮುಗಿಯಿತು. ಕೊನೆಯ ರೀಲಿನ ತುದಿ ಹರಿದಿತ್ತು. ಆಪರೇಟರ್ ಮೋದಿನಸಾಬ ಅದನ್ನು ಅಂಟಿಸುತ್ತ ಕುಳಿತ. ತಡವಾಯಿತು. ಕೆಲವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಬಾಗಿಲಲ್ಲಿ ನಿಂತ ಶೇಖಪ್ಪ ಬೀಡಿ ಹಚ್ಚಿ ನಕ್ಕ.

ನೆಲದ ಮೇಲೆ ಕುಳಿತಿದ್ದ ಮುದುಕಿ ಹುಲಿಗೆವ್ವ ಕೇಳಿದಳು, "ಯವ್ವಾ, ಅಂವ ಏನಂದ?"

ಪಾರವ್ವನಿಗೂ ಗೊತ್ತಿರಲಿಲ್ಲ. "ನಿಮ್ಮ ಪರವಾಗಿ ಹೇಳೋರು ಯಾರದೀರಿ ಅಂದ," ಎಂದಳು.

"ಹಂಗಾರ ಕಾಯಾಕತ್ತಾನ," ಎಂದು ಹುಲಿಗೆವ್ವ ಎದ್ದೇಬಿಟ್ಟಳು. ಪಂಚರ ಕಟ್ಟೆಯ ಮುಂದೆ ಮಾಡುವಂತೆ ತಲೆ ತುಂಬ ಸೆರಗು ಹೊದ್ದು, ಬರೀ ಬಟ್ಟೆಯಾಗಿದ್ದ ನನಗೆ ಕೈಮುಗಿದಳು.

"ಮ್ಯಾಲಿನವನ, ತಪ್ಪು ಮಾಡೀವಿ, ಇಲ್ಲನ್ನಂಗಿಲ್ಲ. ಆದ್ರ ನನ್ನ ಸೊಸಿ ಬ್ಯಾನಿ ತಿನ್ನೂ ಮುಂದ ಕಾಲುವಿ ತುಂಬಿತ್ತು. ನಮ್ಮ ಕೂಡ ಮಾತು ಬಿಟ್ಟ ಗಾಳೆಪ್ಪ ಈಸಿ ಹೋಗಿ ಸೂಲಗಿತ್ತೀನ ಹೆಗಲ ಮ್ಯಾಲ ಕುಂಡ್ರಿಸಿಕೊಂಡು ಬಂದ."

"ನೀ ಗಾಳೆಪ್ಪನ ಕೋಳಿ ನುಂಗಿದ್ದೂ ಹೇಳಬೇ!" ಎಂದು ಹಿಂದಿನಿಂದ ಒಬ್ಬ ಕೂಗಿದ.

"ಬಾಯಿ ಮುಚ್ಚಲೇ, ನ್ಯಾಯ ನಡದೈತಿ!"

ಟೆಂಟ್ ನಗೆಯಿಂದ ಅಲುಗಿತು. ಆದರೂ ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳಲು ಮುಂದೆ ಬಂದರು. ಅಷ್ಟು ಹೊತ್ತು ಆ ನ್ಯಾಯಾಧೀಶ ನಾನೇ ಆಗಿದ್ದೆ. ಸುಕ್ಕಾಗದಂತೆ ಬಿಗಿದು ನಿಂತೆ.

ಕೊನೆಯ ರೀಲು ಓಡಿತು. ಬಂದವನು ಉದ್ದಕ್ಕೆ ಇಂಗ್ಲಿಷಿನಲ್ಲಿ ಮಾತಾಡಿ ತನ್ನ ವಿಮಾನ ಹತ್ತಿದ. ಎಲ್ಲರ ಕಣ್ಣು ಪಾರವ್ವನ ಮೇಲೆ. ಅವಳು ಮೈಕನ್ನು ಬಾಯಿಗೆ ಹತ್ತಿರ ಹಿಡಿದಳು.

"ತೀರ್ಪಿಲ್ರೆಪಾ. ವಾಯಿದೆ ಹಾಕ್ಯಾನ. ಸಾಕ್ಷಿ ಭಾಳ ಮಂದೀದು ಬಾಕಿ ಐತಂತ. ನಾಳಿ ಬರ್ರಿ."

ಜನ ಹೋ ಎಂದು ಕೂಗಿದರು. ಒಬ್ಬರೂ ನಡುವೆ ಎದ್ದು ಹೋಗಿರಲಿಲ್ಲ.

ಶೇಖಪ್ಪ ಹತ್ತಿರ ಬಂದ. "ಸುಳ್ಳು ಹೇಳಿದ್ರಿ ವೈನಿ. ಅಂವ ಹಂಗ ಅಂದಿಲ್ಲ."

"ನಿಂಗ ಇಂಗ್ಲಿಷ್ ಬರ್ತದೇನು?"

"ಇಲ್ಲ."

"ಮತ್ತ? ಆ ಬಂಬು ಹಿಡಿ, ಪರದಿ ಇಳಸಬೇಕು."

ಅವನು ಹಿಡಿದ.

ಮರುದಿನ ಪಕ್ಕದ ಊರಿನವರೂ ಸಾಕ್ಷಿ ಹೇಳಲು ಬಂದರು. ಟೆಂಟ್ ಪಾರವ್ವನ ಕೈಯಲ್ಲೇ ಉಳಿಯಿತು. ವರ್ಷಗಟ್ಟಲೆ ತಿರುಗಿದೆವು. ನಾನು ಹಳದಿಯಾದೆ, ಗಾಳಿಗೆ ಹರಿದೆ, ತೇಪೆ ಹಾಕಿಸಿಕೊಂಡೆ. ಕಡೆಗೆ ಟೆಂಟಿನ ಕಾಲವೇ ಮುಗಿಯಿತು. ಪಾರವ್ವ ನನ್ನನ್ನು ಕತ್ತರಿಸಿ, ಹಳೆಯ ಸೀರೆಗಳ ನಡುವೆ ಇಟ್ಟು ಕೌದಿ ಹೊಲಿದಳು.

ಈಗ ನನ್ನ ಮೇಲೆ ಬೆಳಕು ಬೀಳುವುದಿಲ್ಲ, ಮುಖಗಳೂ ಕಾಣುವುದಿಲ್ಲ. ಅವಳು ಕಾಲು ಚಾಚಿದಾಗ ಬಿರುಕು ಬಿಟ್ಟ ಹಿಮ್ಮಡಿ ತಾಗುತ್ತದೆ. ಗಾಡಿಯ ಹಿಂದೆ ಊರೂರು ನಡೆದ ಹಿಮ್ಮಡಿ ಅದು. ಮನುಷ್ಯರ ಪರವಾಗಿ ಯಾರಾದರೂ ನನ್ನ ಸಾಕ್ಷಿ ಕೇಳಿದರೆ, ಹೇಳಲು ನನಗೆ ಅಷ್ಟು ಸಾಕು.