ಏಳು ತಿಂಗಳು ರಿಂಗಾಗದ ನಂಬರ್

ಗೋವಿಂದರಾಜನಗರದ ಆರನೇ ಕ್ರಾಸಿನಲ್ಲಿ ಯಾರ ಮೊಬೈಲ್ ಕೈಕೊಟ್ಟರೂ ಮೊದಲು ಬರುತ್ತಿದ್ದದ್ದು ಮೋಹನ್ ಕುಮಾರ್ ಹತ್ತಿರ. ಅವನೇನು ಅಂಗಡಿ ಇಟ್ಟವನಲ್ಲ. ಪೀಣ್ಯದ ಫ್ಯಾಕ್ಟರಿಯೊಂದರ ಸ್ಟೋರ್ಸಿನಲ್ಲಿ ಕೆಲಸ. ಭಾನುವಾರ ಕನ್ನಡಕ ಏರಿಸಿಕೊಂಡು ವರಾಂಡದಲ್ಲಿ ಕೂತನೆಂದರೆ, ಚಾರ್ಜ್ ಹತ್ತದ ಫೋನಿನೊಳಗಿನ ಧೂಳನ್ನು ಹಲ್ಲುಕಡ್ಡಿಯಿಂದ ಕೆರೆದು ತೆಗೆಯುತ್ತಿದ್ದ, ಜಾಗ ತುಂಬಿ ನಿಂತುಹೋದ ಫೋನಿನಿಂದ ಸಾವಿರ ಗುಡ್‌ಮಾರ್ನಿಂಗ್ ಚಿತ್ರ ಅಳಿಸುತ್ತಿದ್ದ. ಹೆಂಡತಿ ಕುಸುಮಾ ಒಳಗೆ ಬ್ಲೌಸ್ ಹೊಲಿಯುತ್ತಾ, ಅವನನ್ನು ಜನ ಹೊಗಳುವುದನ್ನು ಕೇಳಿಸಿಕೊಂಡು ಒಳಗೊಳಗೇ ಹಿಗ್ಗುತ್ತಿದ್ದಳು. ಅವಳ ಫೋನಂತೂ ಪೂರ್ತಿ ಅವನ ಕೈಯಲ್ಲೇ. ತೊಂದರೆ ಆದರೆ ಕೊಡುವುದು, ಸರಿಯಾದ ಮೇಲೆ ಇಸ್ಕೊಳ್ಳುವುದು, ಅಷ್ಟೇ ಅವಳಿಗೆ ಗೊತ್ತಿದ್ದದ್ದು.

ಒಂದು ಬುಧವಾರ ಬೆಳಗ್ಗೆ, ಬ್ಲೌಸ್ ಕೊಟ್ಟಿದ್ದ ಚೈತ್ರ ಮುಖ ಗಂಟಿಕ್ಕಿಕೊಂಡು ಬಾಗಿಲಿಗೆ ಬಂದಳು.

"ಆಂಟಿ, ನಿನ್ನೆಯಿಂದ ನಾಲ್ಕು ಸಲ ಫೋನ್ ಮಾಡಿದೀನಿ. ಯಾಕೆ ಎತ್ತಲ್ಲ ನೀವು?"

"ಅಯ್ಯೋ, ಫೋನ್ ಇಲ್ಲೇ ಮೆಷಿನ್ ಮೇಲೇ ಇತ್ತಲ್ಲಮ್ಮ. ರಿಂಗೇ ಆಗ್ಲಿಲ್ಲ."

ಚೈತ್ರ ಹೋದ ಮೇಲೆ ಕುಸುಮಾಗೆ ಹಟ ಬಂತು. ಪ್ರತಿಯೊಂದಕ್ಕೂ ಅವರು ಬರುವವರೆಗೆ ಕಾಯುವುದು ಯಾಕೆ? ಆಫ್ ಮಾಡಿ ಆನ್ ಮಾಡಿದಳು. ಸೌಂಡ್ ಏರಿಸಿದಳು. ಆಮೇಲೆ ಕನ್ನಡದ ಒಂದು ವಿಡಿಯೊ ಹುಡುಕಿ, ಅದರಲ್ಲಿ ಹೇಳಿದಂತೆ ಬೆರಳಾಡಿಸುತ್ತಾ ಹೋದಳು. ಮೇಲುಗಡೆ ಚಂದ್ರನ ಗುರುತೊಂದು ಬಂದು ಕೂತಿತ್ತು. ಅದಿದ್ದರೆ ಫೋನ್ ಸದ್ದು ಮಾಡುವುದಿಲ್ಲವಂತೆ. ಒತ್ತಿದಳು, ಹೋಯಿತು. ಇಷ್ಟೇನಾ ಎಂದು ನಗು ಬಂತು.

ವಿಡಿಯೊದವನು ನಿಲ್ಲಿಸಲಿಲ್ಲ. "ಒಬ್ಬಿಬ್ಬರ ಫೋನ್ ಮಾತ್ರ ಬರ್ತಿಲ್ಲ ಅಂದ್ರೆ, ಬ್ಲಾಕ್ ಆಗಿರೋ ನಂಬರ್‌ಗಳ ಲಿಸ್ಟೂ ನೋಡಿಬಿಡಿ" ಅಂದ. ಬಂದದ್ದು ಬರಲಿ ಎಂದು ಅದನ್ನೂ ತೆಗೆದಳು.

ಅಲ್ಲಿ ಇದ್ದದ್ದು ಒಂದೇ ನಂಬರ್. ಹೆಸರಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೆಂಗೇರಿಯಲ್ಲಿರುವ ತಂಗಿ ಅರುಣಳ ನಂಬರ್ ಅವಳಿಗೆ ಬಾಯಿಪಾಠ.

ಅಕ್ಕತಂಗಿಯರು ಮಾತು ಬಿಟ್ಟು ಏಳು ತಿಂಗಳಾಗಿತ್ತು. ಅರುಣಳ ಹೊಸ ಮನೆಯ ಗೃಹಪ್ರವೇಶದ ದಿನ, ಊಟವಾಗುತ್ತಿದ್ದಂತೆಯೇ ಮೋಹನ್ ಕುಮಾರ್ ಹೊರಡೋಣ ಎಂದು ಅವಸರ ಮಾಡಿದ್ದ. "ಒಂದು ರಾತ್ರಿ ಅಕ್ಕನ್ನ ಇಲ್ಲಿ ಬಿಡಿ ಭಾವ. ಅವಳೇನು ನಿಮ್ಮ ಸ್ಟೋರ್ಸಿನ ಸಾಮಾನಾ?" ಎಂದು ಅರುಣ ನೆಂಟರೆದುರಿಗೇ ಅಂದುಬಿಟ್ಟಳು. ಗಂಡನ ಮುಖ ಕೆಂಪಾದದ್ದು ನೋಡಿ ಕುಸುಮಾ ತಂಗಿಯನ್ನೇ ಬೈದು ಹೊರಟು ಬಂದಿದ್ದಳು. ದುಡುಕಿ ಮಾತಾಡಿದವಳು ಅವಳು, ಮೊದಲು ಅವಳೇ ಫೋನ್ ಮಾಡಲಿ ಎಂದು ಕಾದಳು. ಫೋನ್ ಬರಲೇ ಇಲ್ಲ.

ಮೊದಲು ತನ್ನ ಕೈಯೇ ತಪ್ಪಿ ತಾಗಿರಬೇಕು ಅಂದುಕೊಂಡಳು. ವಿಡಿಯೊದವನು, ಬ್ಲಾಕ್ ಆದವರ ಮೆಸೇಜುಗಳು ಬೇರೆ ಕಡೆ ಹೋಗಿ ಬಿದ್ದಿರುತ್ತವೆ ಎಂದು ತೋರಿಸಿದ. ಕುಸುಮಾ ಅಲ್ಲಿಗೂ ಹೋದಳು.

"ಅಕ್ಕ, ತಪ್ಪಾಯ್ತು. ಫೋನ್ ಎತ್ತು." ಅದು ಗೃಹಪ್ರವೇಶದ ಮಾರನೇ ದಿನದ್ದು.

"ಭಾವಂಗೆ ಫೋನ್ ಮಾಡಿದ್ದೆ. ನನ್ನ ಹೆಸರನ್ನೇ ಎತ್ತಬಾರದು ಅಂತ ನೀನೇ ಅವರಿಗೆ ಹೇಳಿದೀಯಂತೆ. ನಿಜಾನಾ ಅಕ್ಕ?"

ಕೊನೆಯದು ಎರಡೂವರೆ ತಿಂಗಳ ಹಿಂದಿನದು. "ನಾಳೆ ಗರ್ಭಕೋಶದ ಆಪರೇಷನ್. ನೀನು ಬಂದು ಪಕ್ಕದಲ್ಲಿ ಕೂತ್ರೆ ಸಾಕು. ಮಾತಾಡದಿದ್ರೂ ಪರವಾಗಿಲ್ಲ."

ಕುಸುಮಾ ಮೆಷಿನ್ನಿನ ಮೇಲೆ ತಲೆಯಿಟ್ಟು ಕೂತುಬಿಟ್ಟಳು. ಅರುಣಳ ಗಂಡ ತೀರಿಕೊಂಡು ಆರು ವರ್ಷ. ಪಿಯುಸಿ ಓದುವ ಮಗಳು ಸ್ಪಂದನ ಬಿಟ್ಟರೆ ಆಸ್ಪತ್ರೆಯಲ್ಲಿ ಯಾರಿದ್ದರು?

ಎದೆಗೆ ಚುಚ್ಚಿದ್ದು ಇನ್ನೊಂದು ನೆನಪು. ಹಬ್ಬಕ್ಕೂ ತಂಗಿಯ ಫೋನ್ ಬರದಿದ್ದಾಗ, "ರೀ, ನನ್ನ ಫೋನಲ್ಲೇ ಏನಾದ್ರೂ ಕೆಟ್ಟಿರಬಹುದು, ನೋಡ್ರಿ" ಎಂದು ಇವಳೇ ಕೊಟ್ಟಿದ್ದಳು. ಅವನು ಕಾಲು ಗಂಟೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಫೋನ್ ಸರಿಯಾಗಿದೆ ಕಣೇ. ಮನುಷ್ಯರೇ ಸರಿ ಇಲ್ಲ" ಎಂದು ಹಿಂದಕ್ಕೆ ಕೊಟ್ಟಿದ್ದ. ಅವತ್ತು ಅಳುತ್ತಿದ್ದ ಇವಳ ತಲೆಯನ್ನೂ ಸವರಿದ್ದ.

ಸಂಜೆ ಅವನು ಬಂದು ಕೈಕಾಲು ತೊಳೆದು ಕೂತ. ಕುಸುಮಾ ಕಾಫಿಯ ಬದಲು ಫೋನನ್ನು ಮುಂದಿಟ್ಟಳು.

"ಇದು ಯಾರು ಮಾಡಿದ್ದು?"

ಅವನು ನೋಡಿದ. ಫೋನನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, "ಅವಳ ಫೋನ್ ಬಂದಾಗೆಲ್ಲ ನೀನು ಎರಡು ದಿನ ನನ್ನ ಹತ್ರ ಸರಿಯಾಗಿ ಮಾತಾಡ್ತಿರಲಿಲ್ಲ. ಈ ಏಳು ತಿಂಗಳು ಮನೆ ನೆಮ್ಮದಿಯಾಗಿತ್ತೋ ಇಲ್ವೋ, ನೀನೇ ಹೇಳು" ಅಂದ.

"ನೆಮ್ಮದಿ ನಿಮಗಿತ್ತು. ಆಪರೇಷನ್ ವಿಷಯ ಗೊತ್ತಿತ್ತಾ?"

"ಸ್ಪಂದನ ಫೋನ್ ಮಾಡಿತ್ತು. ದೊಡ್ಡ ಆಪರೇಷನ್ ಏನಲ್ಲ ಅಂತ..."

"ಅವಳು ಸತ್ತಿದ್ರೂ ಹೇಳ್ತಿರಲಿಲ್ವೇನೋ." ಕುಸುಮಾ ದನಿ ಏರಿಸಲಿಲ್ಲ. "ನಿಮ್ಮ ಮಾನ ಉಳಿಸೋಕೆ ನಾನು ಅವಳನ್ನ ಬೈದು ಬಂದವಳು. ಆ ಮಾರನೇ ದಿನಾನೇ ಹೀಗೆ ಮಾಡಿದ್ರಲ್ಲ ನೀವು."

ಅವನು ಏನೇನೋ ಸಮಜಾಯಿಷಿ ಹೇಳಿದ. ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ.

ಬೆಳಗ್ಗೆ ಬ್ಯಾಗಿಗೆ ನಾಲ್ಕು ಸೀರೆ ತುರುಕಿಕೊಂಡು ವಿಜಯನಗರದಲ್ಲಿ ಮೆಟ್ರೊ ಹತ್ತಿದಳು. ಅರ್ಧ ಗಂಟೆಯೂ ಆಗಲಿಲ್ಲ, ಕೆಂಗೇರಿ ಬಂತು. ಇಷ್ಟೇ ದೂರವಾ ಎಂದು ನಾಚಿಕೆಯಾಯಿತು.

ಅರುಣ ಬಾಗಿಲು ತೆರೆದಳು. ಸೊರಗಿಹೋಗಿದ್ದಳು. ಒಳಗೆ ಬಾ ಎನ್ನಲಿಲ್ಲ. ಕುಸುಮಾ ನಿಂತಲ್ಲೇ ಫೋನ್ ತೆಗೆದು ತೋರಿಸಿದಳು, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅರುಣ ತಾನೇ ಕಳಿಸಿದ ಮೆಸೇಜುಗಳನ್ನು ಮೊದಲಿನಿಂದ ಓದಿದಳು.

"ಭಾವ ಹಿಂಗೆ ಮಾಡ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ" ಅಂದಳು. ಫೋನ್ ವಾಪಸ್ ಕೊಟ್ಟು, "ಆದ್ರೆ ಅಕ್ಕ, ನನ್ನ ಫೋನ್ ನಿಂಗೆ ಬರದೇ ಇರೋ ಹಾಗೆ ಮಾಡಿದ್ರು, ಸರಿ. ನೀನು ಮಾಡೋದನ್ನ ಯಾರೂ ತಡೆದಿರಲಿಲ್ಲವಲ್ಲ" ಅಂದಳು.

ಕುಸುಮಾ ಇಲ್ಲ ಎಂದು ತಲೆಯಾಡಿಸಿದಳು, ಕಣ್ಣೀರು ಹರಿಯಿತು.

ಅರುಣ ಅವಳ ಕೈಯಿಂದ ಬ್ಯಾಗ್ ತೆಗೆದುಕೊಂಡಳು. "ಭಾರ ಎತ್ತಬಾರದು ಅಂದಿದಾರೆ ನಂಗೆ" ಎಂದು ಅಲ್ಲೇ ಹೊಸ್ತಿಲಲ್ಲಿ ಇಟ್ಟು, "ನೀನೇ ತಗೊಂಡು ಬಾ. ತಿಂಡಿ ಆಗಿದೆಯಾ?" ಎಂದು ಕೇಳುತ್ತಾ ಒಳಗೆ ನಡೆದಳು.